ಸಿಂಹಕ್ಕೆ ಹುಲ್ಲು ಹಾಕಿದ ಪ್ರೋಗ್ರಾಂ

ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. 1892ರಲ್ಲಿ ಆರಂಭವಾದ ಈ ಮೃಗಾಲಯದಲ್ಲಿ ಹುಲಿಗೆ ಮಾಂಸ ಬೇಕು, ಜಿರಾಫೆಗೆ ಸೊಪ್ಪು ಬೇಕು, ಆನೆಗೆ ಹುಲ್ಲು ಬೇಕು. ಇಂತಹ ಮೃಗಾಲಯದ ಆಹಾರ ವಿತರಣೆಗೆ ನಾವೊಂದು ಪ್ರೋಗ್ರಾಂ ಬರೆಯುತ್ತಿದ್ದೇವೆ ಎಂದುಕೊಳ್ಳೋಣ.

ಮೊದಲು ‘ಪ್ರಾಣಿ’ ಎಂಬ ಕ್ಲಾಸ್, ಎಂದರೆ ವರ್ಗ. ಹುಲಿ, ಜಿರಾಫೆ, ಆನೆ ಅದರ ಉಪವರ್ಗಗಳು. ಒಂದೊಂದು ಜೀವಿಯೂ ಒಂದು ಆಬ್ಜೆಕ್ಟ್. ಪಟ್ಟಿಯಲ್ಲಿ ಎಲ್ಲವನ್ನೂ ‘ಪ್ರಾಣಿ’ ಎಂದೇ ಸೇರಿಸಿರುತ್ತೇವೆ. ಆದ್ದರಿಂದ ಮೂರನೆಯದು ಹುಲಿಯೋ ಆನೆಯೋ ಎಂಬುದು ಪ್ರೋಗ್ರಾಂ ಬರೆಯುವಾಗ ತಿಳಿಯದು. ಅದು ಓಡುವಾಗಲೇ ತಿಳಿಯಬೇಕು.

ತಿಳಿಯುವುದು ಹೇಗೆ? ಜಾವಾ, ಪೈಥಾನ್‌ನಂತಹ ಭಾಷೆಗಳಲ್ಲಿ ಪ್ರತಿಯೊಂದು ಆಬ್ಜೆಕ್ಟ್ ತಾನು ಯಾವ ವರ್ಗದ್ದೆಂಬ ಗುರುತನ್ನು ತನ್ನೊಡನೆಯೇ ಇಟ್ಟುಕೊಂಡಿರುತ್ತದೆ. ಪ್ರೋಗ್ರಾಂ ಆ ಗುರುತನ್ನು ಪರೀಕ್ಷಿಸುತ್ತದೆ. ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ 1967ರಲ್ಲಿ ರೂಪಿಸಿದ ಸಿಮುಲಾ 67 ಭಾಷೆಯಲ್ಲಿಯೇ ಇದಕ್ಕೆ ಎರಡು ಪ್ರಶ್ನೆಗಳಿದ್ದವು. ‘ಈಸ್’ ಎಂಬುದು ಸರಿಯಾಗಿ ಇದೇ ವರ್ಗವೇ ಎಂದು ಕೇಳುತ್ತದೆ. ‘ಇನ್’ ಎಂಬುದು ಈ ವರ್ಗ ಅಥವಾ ಇದರ ಉಪವರ್ಗವೇ ಎಂದು ಕೇಳುತ್ತದೆ. ಹುಲಿಯನ್ನು ಕುರಿತು ‘ಪ್ರಾಣಿಯೇ?’ ಎಂದರೆ ಮೊದಲನೆಯದಕ್ಕೆ ‘ಅಲ್ಲ’, ಎರಡನೆಯದಕ್ಕೆ ‘ಹೌದು’ ಎಂಬ ಉತ್ತರ ಬರುತ್ತದೆ. ಜಾವಾದ ‘ಇನ್‌ಸ್ಟೆನ್ಸ್‌ಆಫ್’, ಪೈಥಾನಿನ ‘ಈಸ್‌ಇನ್‌ಸ್ಟೆನ್ಸ್’ ಎರಡನೆಯ ಬಗೆಯವು.

ಇನ್ನು ಬರೆಯುವುದು ಸುಲಭವೆನಿಸುತ್ತದೆ: ಹುಲಿಯಾದರೆ ಮಾಂಸ, ಜಿರಾಫೆಯಾದರೆ ಸೊಪ್ಪು, ಇಲ್ಲದಿದ್ದರೆ ಹುಲ್ಲು. ಆದರೆ ನಾಳೆ ಪಟ್ಟಿಗೆ ಸಿಂಹವೊಂದು ಸೇರಿದರೆ? ಅದಕ್ಕೂ ಹುಲ್ಲೇ! ಪ್ರೋಗ್ರಾಂ ನಿಲ್ಲುವುದಿಲ್ಲ, ತಪ್ಪಾಯಿತೆಂದು ಹೇಳುವುದೂ ಇಲ್ಲ. ಸಿಂಹ ಮಾತ್ರ ಉಪವಾಸ. ಇಂತಹ ಪ್ರಶ್ನೆಯನ್ನು ಹತ್ತು ಕಡೆ ಕೇಳಿದ್ದರೆ ಹತ್ತು ಕಡೆಯೂ ತಿದ್ದಬೇಕು. ಒಂದು ಮರೆತರೂ ತೊಂದರೆ.

ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ. ‘ನೀನು ಯಾರು?’ ಎಂದು ಕೇಳುವ ಬದಲು ‘ನಿನ್ನ ಆಹಾರವೇನು?’ ಎಂದು ಕೇಳುವುದು. ಪ್ರತಿ ಉಪವರ್ಗವೂ ತನ್ನ ಆಹಾರವನ್ನು ತಾನೇ ಹೇಳಬೇಕೆಂದು ‘ಪ್ರಾಣಿ’ ವರ್ಗದಲ್ಲಿ ಕಡ್ಡಾಯ ಮಾಡಬಹುದು. ಆಗ ಆಹಾರ ಹೇಳದ ಸಿಂಹವನ್ನು ಜಾವಾದ ಕಂಪೈಲರ್ ಪ್ರೋಗ್ರಾಂ ಓಡುವ ಮೊದಲೇ ತಡೆಯುತ್ತದೆ.

ಹಾಗಾದರೆ ವರ್ಗದ ಪರೀಕ್ಷೆ ಬೇಡವೇ? ಬೇಕು. ಹೊರಗಿನಿಂದ ಬಂದ ಮಾಹಿತಿ ಸಂಖ್ಯೆಯೋ ಅಕ್ಷರಗಳೋ ಎಂದು ಬಾಗಿಲಲ್ಲೇ ನೋಡಲು ಅದು ಅವಶ್ಯಕ. ಒಳಗೆ ಬಂದ ಮೇಲೆ ಹೆಜ್ಜೆಹೆಜ್ಜೆಗೂ ಕೇಳುವುದು ತರವಲ್ಲ.

ಎರಡೂ ರೀತಿಯಲ್ಲಿ ಪುಟ್ಟ ಪ್ರೋಗ್ರಾಂ ಬರೆದು, ಕೊನೆಗೆ ಸಿಂಹವನ್ನು ಸೇರಿಸಿ ನೋಡಿ. ಹಳೆಯ ಸಾಲುಗಳನ್ನು ಎಷ್ಟು ಕಡೆ ತಿದ್ದಬೇಕಾಯಿತೆಂದು ಎಣಿಸಿ.