ಮೂವತ್ತೈದರ ನಂತರದ ಕರಾರು

ವೃತ್ತಿಪರ ಫುಟ್‌ಬಾಲ್ ಆಟಗಾರನ ದುಡಿಮೆಯ ಕಾಲ ತೀರ ಚಿಕ್ಕದು. ಹದಿನೆಂಟೋ ಇಪ್ಪತ್ತೋ ವಯಸ್ಸಿಗೆ ಆರಂಭವಾಗುವ ಅದು, ನಡುವೆ ಮೊಣಕಾಲಿನ ಪೆಟ್ಟು ಅಡ್ಡಬರದಿದ್ದರೆ, ಮೂವತ್ತೈದರ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ; ಆ ವಯಸ್ಸಿನವರಿಗೆ ದೀರ್ಘ ಕರಾರು ಬರೆದುಕೊಡಲು ಯುರೋಪಿನ ದೊಡ್ಡ ಕ್ಲಬ್ಬುಗಳು ಹಿಂಜರಿಯುತ್ತವೆ. ಅಂಥ ವಯಸ್ಸಿನಲ್ಲಿಯೇ, ಅಂದರೆ ತನ್ನ 37ನೆಯ ವರ್ಷದಲ್ಲಿ, ಕ್ರಿಸ್ಟಿಯಾನೊ ರೊನಾಲ್ಡೊ ಸೌದಿ ಅರೇಬಿಯದ ರಿಯಾದ್ ನಗರದ ಅಲ್ ನಸ್ರ್ ಕ್ಲಬ್ಬನ್ನು ಸೇರಿದ ಸುದ್ದಿ 2022ರ ಡಿಸೆಂಬರ್ 30ರಂದು ಪ್ರಕಟವಾಯಿತು. ವರ್ಷಕ್ಕೆ ಸುಮಾರು 20 ಕೋಟಿ ಯೂರೊ ಎಂದು ಪತ್ರಿಕೆಗಳು ವರದಿ ಮಾಡಿದ ಆ ಮೊತ್ತದಲ್ಲಿ ಸಂಬಳದ ಜೊತೆಗೆ ಜಾಹೀರಾತಿನ ಹಣವೂ, ‘ಇಮೇಜ್ ರೈಟ್ಸ್’ ಎನ್ನಲಾಗುವ, ಆಟಗಾರನ ಹೆಸರು ಮತ್ತು ಮುಖವನ್ನು ವ್ಯಾಪಾರಕ್ಕೆ ಬಳಸುವ ಹಕ್ಕಿನ ಬೆಲೆಯೂ ಸೇರಿತ್ತು ಎನ್ನಲಾಗಿತ್ತು. ಸೌದಿಯಲ್ಲಿ ಸಂಬಳದ ಮೇಲೆ ವೈಯಕ್ತಿಕ ಆದಾಯ ತೆರಿಗೆ ಇಲ್ಲದಿರುವುದರಿಂದ ಇಂಥ ಕರಾರಿನ ಆಕರ್ಷಣೆ ಇನ್ನಷ್ಟು ಹೆಚ್ಚುತ್ತದೆ.

ಇಂಥ ನಿರ್ಧಾರಗಳನ್ನು ದುರಾಸೆಯೆಂದು ಜರೆದು ಮುಂದೆ ಸಾಗುವುದು ವಾಡಿಕೆಯಾಗಿದೆ. ಹದಿನೈದು ವರ್ಷಗಳ ದುಡಿಮೆಯಲ್ಲಿ ಬದುಕಿಡೀ ಸಾಲುವಷ್ಟನ್ನು ಗಳಿಸಬೇಕಾದವನು ಹೆಚ್ಚು ಕೊಡುವವರ ಕಡೆಗೆ ಹೋಗುವುದರಲ್ಲಿ ವಿಚಿತ್ರವೇನೂ ಇಲ್ಲ. ವಿಚಾರಿಸಬೇಕಾದದ್ದು ಹಣ ಕೊಟ್ಟವರನ್ನು: ಅವರು ಕೊಂಡದ್ದು ಏನು, ಅವರ ಅಗತ್ಯ ತೀರಿದ ಮೇಲೆ ಆ ಊರಿನ ಆಟಕ್ಕೆ ಉಳಿದದ್ದು ಏನು?

ಇಂದಿನ ಅಗಾಧ ಸಂಬಳಗಳ ಹಿಂದೆ ಬಹುಕಾಲದ ಬಿಗಿಯಾದ ನಿಯಂತ್ರಣದ ಚರಿತ್ರೆಯಿದೆ. ಇಂಗ್ಲೆಂಡಿನ ಫುಟ್‌ಬಾಲ್ ವ್ಯವಸ್ಥೆ 1901ರಲ್ಲಿ ವಾರಕ್ಕೆ 4 ಪೌಂಡಿನ ಗರಿಷ್ಠ ವೇತನ ಮಿತಿಯನ್ನು ಹೇರಿತು. ಎಷ್ಟೇ ದೊಡ್ಡ ಆಟಗಾರನಾದರೂ ಅದಕ್ಕಿಂತ ಹೆಚ್ಚು ಪಡೆಯುವಂತಿರಲಿಲ್ಲ. ಆ ಮಿತಿ ಕಾಲಕಾಲಕ್ಕೆ ಸ್ವಲ್ಪ ಸ್ವಲ್ಪವೇ ಏರುತ್ತ ವಾರಕ್ಕೆ 20 ಪೌಂಡ್ ತಲುಪಿದ್ದಾಗ, ಜಿಮ್ಮಿ ಹಿಲ್ ನಾಯಕತ್ವದ ಆಟಗಾರರ ಸಂಘ ಮುಷ್ಕರದ ಎಚ್ಚರಿಕೆ ನೀಡಿ 1961ರ ಜನವರಿಯಲ್ಲಿ ಅದನ್ನು ತೆಗೆಸಿತು. ಸ್ವಲ್ಪ ಸಮಯದಲ್ಲಿಯೇ ಫುಲ್‌ಹ್ಯಾಮ್ ಕ್ಲಬ್ಬಿನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆಯುವ ಮೊದಲ ಆಟಗಾರನಾದ. ಸಂಬಳದ ಮಿತಿಗಿಂತಲೂ ಕಠೋರವಾದದ್ದು ಆಟಗಾರನನ್ನು ಕಟ್ಟಿಹಾಕುವ ನಿಯಮವಾಗಿತ್ತು: ಕರಾರು ಮುಗಿದ ಮೇಲೂ ಹಳೆಯ ಕ್ಲಬ್ ಒಪ್ಪದೆ ಅವನು ಬೇರೆಡೆ ಆಡುವಂತಿರಲಿಲ್ಲ.

ಈ ಕಟ್ಟನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಮುರಿದದ್ದು ಯುರೋಪಲ್ಲ, ಕೊಲಂಬಿಯ. ಅಲ್ಲಿ 1948ರಲ್ಲಿ ಆರಂಭವಾದ ವೃತ್ತಿಪರ ಲೀಗ್ ದೇಶದ ಫುಟ್‌ಬಾಲ್ ಸಂಸ್ಥೆಯೊಂದಿಗೆ ಜಗಳವಾಡಿಕೊಂಡು, ವಿಶ್ವ ಫುಟ್‌ಬಾಲ್‌ನ ಆಡಳಿತ ಸಂಸ್ಥೆಯಾದ ಫೀಫಾದ ವ್ಯಾಪ್ತಿಯಿಂದ ಹೊರಗೆ ನಿಂತಿತು. ಹೊರಗೆ ನಿಂತದ್ದರಿಂದ, ಆಟಗಾರನನ್ನು ಬಿಟ್ಟುಕೊಡಲು ಹಳೆಯ ಕ್ಲಬ್ಬಿಗೆ ತೆರಬೇಕಾದ ವರ್ಗಾವಣೆ ಶುಲ್ಕವನ್ನು ಕೊಡದೆ, ಅದೇ ಹಣವನ್ನು ನೇರವಾಗಿ ಆಟಗಾರನ ಕೈಗೇ ಇಡುವುದು ಅಲ್ಲಿನ ಕ್ಲಬ್ಬುಗಳಿಗೆ ಸಾಧ್ಯವಾಯಿತು. ಅರ್ಜೆಂಟೀನದಲ್ಲಿ ನಡೆದ ಆಟಗಾರರ ಮುಷ್ಕರದ ಬಳಿಕ ಆಲ್ಫ್ರೆಡೊ ಡಿ ಸ್ಟೆಫಾನೊ 1949ರಲ್ಲಿ ಬೊಗೊಟಾದ ಮಿಲೊನಾರಿಯೊಸ್ ತಂಡಕ್ಕೆ ಬಂದ. ಮರುವರ್ಷ, ತನ್ನ ದೇಶದಲ್ಲಿ ವಾರಕ್ಕೆ 12 ಪೌಂಡ್ ಮಿತಿಯ ಕೆಳಗೆ ಆಡುತ್ತಿದ್ದ ಇಂಗ್ಲೆಂಡ್ ತಂಡದ ರಕ್ಷಕ ನೀಲ್ ಫ್ರಾಂಕ್ಲಿನ್, ಆ ವರ್ಷದ ವಿಶ್ವಕಪ್ಪನ್ನೂ ಬಿಟ್ಟು ಅದೇ ಊರಿನ ಸಾಂಟಾ ಫೆ ಕ್ಲಬ್ಬಿಗೆ ಹೋದ. ಅಲ್ಲಿನ ಬದುಕು ಒಗ್ಗದೆ ಕೆಲವೇ ತಿಂಗಳಲ್ಲಿ ಮರಳಿದ ಅವನಿಗೆ ಇಂಗ್ಲೆಂಡ್ ಪರವಾಗಿ ಆಡುವ ಅವಕಾಶ ಮತ್ತೆಂದೂ ದೊರೆಯಲಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ಹೋಗಿದ್ದ ಚಾರ್ಲಿ ಮಿಟನ್ ಹಿಂತಿರುಗಿದಾಗ ಅವನಿಗೆ 250 ಪೌಂಡ್ ದಂಡವನ್ನೂ ಆರು ತಿಂಗಳ ನಿಷೇಧವನ್ನೂ ವಿಧಿಸಲಾಯಿತು. ಉದ್ಯೋಗ ಬದಲಿಸಿದ ತಪ್ಪಿಗೆ ದಂಡ ತೆರಬೇಕಾದ ಈ ಪರಿಸ್ಥಿತಿಯನ್ನು ಇಂದಿನ ಸಂಬಳಗಳ ಟೀಕಾಕಾರರು ನೆನಪಿಡಬೇಕಾಗಿದೆ. 1951ರಲ್ಲಿ ಲಿಮಾದಲ್ಲಿ ಆದ ಒಪ್ಪಂದದಂತೆ ಹೊರಗಿನ ಆಟಗಾರರು 1954ರೊಳಗೆ ಹಿಂತಿರುಗಬೇಕಾಯಿತು. ಡಿ ಸ್ಟೆಫಾನೊ 1953ರಲ್ಲಿಯೇ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಸೇರಿದ, ಕೊಲಂಬಿಯದ ಆ ‘ಎಲ್ ಡೊರಾಡೊ’ ಕಾಲ, ಎಂದರೆ ಚಿನ್ನದ ಕಾಲ, ಅಲ್ಲಿಗೆ ಮುಗಿಯಿತು.

ಯುರೋಪಿನಲ್ಲಿ ಆಟಗಾರನಿಗೆ ನಿಜವಾದ ಬಿಡುಗಡೆ ದೊರೆತದ್ದು 1995ರ ಡಿಸೆಂಬರ್ 15ರ ಬೋಸ್ಮನ್ ತೀರ್ಪಿನಿಂದ. ಬೆಲ್ಜಿಯಂನ ಜೀನ್-ಮಾರ್ಕ್ ಬೋಸ್ಮನ್ ಹೂಡಿದ ದಾವೆಯಲ್ಲಿ, ಕರಾರು ಮುಗಿದ ಆಟಗಾರನಿಗಾಗಿ ಕ್ಲಬ್ ಶುಲ್ಕ ಕೇಳುವಂತಿಲ್ಲವೆಂದು ಯುರೋಪಿಯನ್ ನ್ಯಾಯಾಲಯ ಹೇಳಿತು. ಉಪಗ್ರಹ ಟೆಲಿವಿಷನ್ ಪ್ರಸಾರ ಹಕ್ಕಿಗಾಗಿ ಸುರಿಯುತ್ತಿದ್ದ ಹಣ ಅದೇ ಹೊತ್ತಿಗೆ ಏರುತ್ತಿದ್ದುದರಿಂದ, ಆ ಹಣದ ದೊಡ್ಡ ಪಾಲು ಆಟಗಾರರ ಸಂಬಳಕ್ಕೆ ಹರಿಯಿತು.

ಆದರೆ ವೃತ್ತಿಯ ಕೊನೆಯ ಕರಾರುಗಳಿಗೆ ಹಣ ಬರುವುದು ಬಹುಮಟ್ಟಿಗೆ ಟಿಕೆಟ್ಟಿನಿಂದಲೂ ಅಲ್ಲ, ಪ್ರಸಾರದಿಂದಲೂ ಅಲ್ಲ. ಬ್ರೆಜಿಲಿನ ಸಾಂಟೋಸ್ ಕ್ಲಬ್ಬಿನಿಂದ 1974ರಲ್ಲಿ ನಿವೃತ್ತನಾಗಿದ್ದ ಪೆಲೆಯನ್ನು ಮರುವರ್ಷ, ಅವನ 34ನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್ ಕಾಸ್ಮೋಸ್ ತಂಡಕ್ಕೆ ಕರೆತಂದದ್ದು ಚಲನಚಿತ್ರ ಮತ್ತು ಸಂಗೀತದ ವ್ಯವಹಾರದಲ್ಲಿದ್ದ ವಾರ್ನರ್ ಕಮ್ಯುನಿಕೇಶನ್ಸ್. ವ್ಯಾಪಾರದಲ್ಲಿ ನಷ್ಟ ಅನುಭವಿಸಿದ್ದ ಪೆಲೆಗೆ ಆ ಹಣ ಬೇಕಾಗಿತ್ತು. ಕಂಪನಿಗೆ ಅವನ ಹೆಸರು ಬೇಕಾಗಿತ್ತು. 1977ರಲ್ಲಿ ಕಾಸ್ಮೋಸ್ ತಂಡದ ಒಂದು ಪಂದ್ಯಕ್ಕೆ 77,691 ಜನ ಸೇರಿದ್ದರೂ, ವಿಡಿಯೊ ಗೇಮ್ ತಯಾರಿಸುತ್ತಿದ್ದ ತನ್ನ ಅಟಾರಿ ಸಂಸ್ಥೆ 1983ರಲ್ಲಿ ಭಾರಿ ನಷ್ಟಕ್ಕೆ ಸಿಕ್ಕಾಗ ವಾರ್ನರ್ ಫುಟ್‌ಬಾಲಿನಿಂದ ಕೈತೊಳೆದುಕೊಂಡಿತು, ಆ ತಂಡ ಆಡುತ್ತಿದ್ದ ಲೀಗ್ 1984ರ ಋತುವಿನ ನಂತರ ಮತ್ತೆ ನಡೆಯಲಿಲ್ಲ. ಮೈದಾನಕ್ಕೆ ಸಂಬಂಧವೇ ಇಲ್ಲದ ಒಂದು ನಷ್ಟ ಅಲ್ಲಿನ ಆಟದ ಹಣೆಬರಹವನ್ನು ನಿರ್ಧರಿಸುವಂತಾಯಿತು.

ಚೀನದಲ್ಲಿ ನಡೆದದ್ದು ಇದರ ಇನ್ನೂ ಕಠಿಣವಾದ ರೂಪ. ಅಲ್ಲಿನ ಕ್ಲಬ್ಬುಗಳನ್ನು ಸಾಕಿದ್ದು ಹೆಚ್ಚಾಗಿ ರಿಯಲ್ ಎಸ್ಟೇಟ್ ಮತ್ತು ಚಿಲ್ಲರೆ ಮಾರಾಟದ ಉದ್ಯಮಗಳು. 2017ರ ಆರಂಭದಲ್ಲಿ, ಇನ್ನೂ 25 ವರ್ಷದವನಾಗಿದ್ದ ಬ್ರೆಜಿಲಿನ ಆಸ್ಕರ್ ಸುಮಾರು 6 ಕೋಟಿ ಪೌಂಡ್ ಶುಲ್ಕಕ್ಕೆ ಇಂಗ್ಲೆಂಡಿನ ಚೆಲ್ಸಿಯಿಂದ ಶಾಂಘೈಗೆ ಹೋದ. ಅದೇ ವರ್ಷ ಸರ್ಕಾರದ ಒತ್ತಾಸೆಯಿಂದ ದುಬಾರಿ ವಿದೇಶಿ ಆಟಗಾರರ ಮೇಲೆ ನೂರಕ್ಕೆ ನೂರರ ಹೆಚ್ಚುವರಿ ಶುಲ್ಕ ಜಾರಿಗೆ ಬಂತು. 2020ರ ನವೆಂಬರ್‌ನಲ್ಲಿ ಲೀಗ್ ಗೆದ್ದ ಜಿಯಾಂಗ್ಸು ತಂಡ, ಮಾಲೀಕ ಸಂಸ್ಥೆಯ ಹಣದ ಮುಗ್ಗಟ್ಟಿನಿಂದಾಗಿ 2021ರ ಫೆಬ್ರವರಿಯಲ್ಲಿ, ಚಾಂಪಿಯನ್ ಆಗಿ ಮೂರೂವರೆ ತಿಂಗಳು ಸುಮಾರಿಗೆ, ಬಾಗಿಲು ಮುಚ್ಚಿತು. ಎಂಟು ಬಾರಿ ಪ್ರಶಸ್ತಿ ಗೆದ್ದಿದ್ದ ಗ್ವಾಂಗ್‌ಝೌ ಕ್ಲಬ್ 2025ರ ಜನವರಿಯಲ್ಲಿ ವಿಸರ್ಜನೆಯಾಯಿತು. ಹಣ ಮಾಡಿಕೊಂಡ ತಾರೆಯರು ಅಷ್ಟು ಹೊತ್ತಿಗೆ ಊರು ಸೇರಿದ್ದರು. ಬೀದಿಗೆ ಬಿದ್ದವರು ಸ್ಥಳೀಯ ಆಟಗಾರರು, ತರಬೇತುದಾರರು, ಕಿರಿಯರ ತಂಡದ ಹುಡುಗರು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಜಪಾನಿನ ಕಾಶಿಮಾ ಪಟ್ಟಣದ್ದು, ಮತ್ತು ಇಡೀ ವಿಷಯದಲ್ಲಿ ಹೆಚ್ಚು ಗಮನಕ್ಕೆ ಅರ್ಹವಾದದ್ದು ಇದೇ. ಬ್ರೆಜಿಲಿನ ಜೀಕೊ 1991ರಲ್ಲಿ, ತನ್ನ 38ನೆಯ ವಯಸ್ಸಿನಲ್ಲಿ, ಅಲ್ಲಿನ ಸುಮಿಟೊಮೊ ಮೆಟಲ್ಸ್ ಉಕ್ಕಿನ ಕಾರ್ಖಾನೆಯ ಎರಡನೆಯ ದರ್ಜೆಯ ತಂಡಕ್ಕೆ ಸೇರಿದ. ಅವನೂ ವೃತ್ತಿಯ ಕೊನೆಯ ಹಂತದಲ್ಲಿ ಬಂದವನೇ. ಆದರೆ ಆ ತಂಡ ಕಾಶಿಮಾ ಆಂಟ್ಲರ್ಸ್ ಎಂಬ ಹೆಸರಿನಲ್ಲಿ ಹೊಸ ವೃತ್ತಿಪರ ಲೀಗಿಗೆ ಕಾಲಿಡುವ ಹೊತ್ತಿಗೆ ಅಭ್ಯಾಸದ ಕ್ರಮ, ಶಿಸ್ತು, ಸೋಲನ್ನು ಒಪ್ಪದ ಹಟ, ಇವೆಲ್ಲವನ್ನೂ ಕಾರ್ಖಾನೆಯ ಆಟಗಾರರಿಗೆ ಕಲಿಸಿದ್ದ. 1993ರ ಮೇ ತಿಂಗಳಿನಲ್ಲಿ ಲೀಗಿನ ತನ್ನ ಮೊದಲ ಪಂದ್ಯದಲ್ಲಿ ಕಾಶಿಮಾ ತಂಡ ನಗೋಯಾವನ್ನು 5-0ಯಿಂದ ಸೋಲಿಸಿದಾಗ, ನಲವತ್ತು ದಾಟಿದ್ದ ಜೀಕೊ ಮೂರು ಗೋಲು ಹೊಡೆದಿದ್ದ. ಆ ಲೀಗನ್ನು ಅತಿ ಹೆಚ್ಚು ಬಾರಿ ಗೆದ್ದ ತಂಡ ಇಂದಿಗೂ ಕಾಶಿಮಾವೇ. ಕ್ಲಬ್ಬುಗಳು ಊರಿನೊಂದಿಗೆ ಬೆಸೆದುಕೊಳ್ಳಬೇಕು, ಕಿರಿಯರ ತಂಡಗಳನ್ನು ನಡೆಸಬೇಕು ಎಂಬ ನಿಯಮಗಳನ್ನು ಲೀಗ್ ಮೊದಲೇ ಮಾಡಿದ್ದರಿಂದ, ವಿದೇಶಿ ತಾರೆಯರು ಹೋದ ಮೇಲೂ ಅಲ್ಲಿ ಆಟ ನೆಲೆಯೂರಿ ಉಳಿಯಿತು.

ಸೌದಿಯ ಪ್ರಯೋಗವನ್ನು ಈ ಎರಡರ ನಡುವೆ ಇಟ್ಟು ನೋಡಬೇಕು. 2023ರ ಜೂನ್‌ನಲ್ಲಿ ಅಲ್ಲಿನ ಸರ್ಕಾರದ ಹೂಡಿಕೆ ನಿಧಿ ನಾಲ್ಕು ಪ್ರಮುಖ ಕ್ಲಬ್ಬುಗಳಲ್ಲಿ ಶೇಕಡ 75ರಷ್ಟು ಪಾಲನ್ನು ತೆಗೆದುಕೊಂಡಿತು. ತಾರಾ ಆಟಗಾರರಾದ ಬೆಂಜೆಮಾ, ಕಾಂಟೆ, ನೇಮಾರ್ ಆ ಬೇಸಿಗೆಯಲ್ಲಿಯೇ ಬಂದರು. ಸುಮಾರು 9 ಕೋಟಿ ಯೂರೊ ಶುಲ್ಕಕ್ಕೆ ಬಂದ ನೇಮಾರ್ ಮೊಣಕಾಲಿನ ಗಾಯದಿಂದಾಗಿ ಅಲ್ ಹಿಲಾಲ್ ಕ್ಲಬ್ಬಿನ ಪರ ಏಳೇ ಪಂದ್ಯಗಳನ್ನಾಡಿ 2025ರ ಜನವರಿಯಲ್ಲಿ ಹೊರಟುಹೋದ. ಇಲ್ಲಿ ಕೊಳ್ಳುವವನು ಒಂದು ರಾಜ್ಯವೇ ಆಗಿರುವುದರಿಂದ ಹಣದ ಕೊರತೆಯ ಭಯ ಕಡಿಮೆ. ಆದರೆ ಮಾನವ ಹಕ್ಕುಗಳ ಉಲ್ಲಂಘನೆಯಿಂದ ಮಸುಕಾದ ಹೆಸರನ್ನು ಕ್ರೀಡೆಯ ಮೂಲಕ ಬೆಳಗಿಸಿಕೊಳ್ಳುವ ಯತ್ನವಿದು ಎಂಬ ಆಕ್ಷೇಪ ನ್ಯಾಯವಾದದ್ದೇ. 2034ರ ವಿಶ್ವಕಪ್ಪಿನ ಆತಿಥ್ಯ ಆ ದೇಶಕ್ಕೆ 2024ರ ಡಿಸೆಂಬರ್‌ನಲ್ಲಿಯೇ ದೊರೆತಿದೆ.

ಭಾರತವೂ ಈ ದಾರಿಯನ್ನು ಹಿಡಿದು ನೋಡಿದೆ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಪ್ರತಿ ತಂಡವೂ ಜನರನ್ನು ಸೆಳೆಯುವ ಒಬ್ಬ ‘ಮಾರ್ಕಿ’ ಆಟಗಾರನನ್ನು ಹೊಂದಿರಬೇಕಿತ್ತು. ದೆಹಲಿಗೆ ದೆಲ್ ಪಿಯೆರೊ, ಪುಣೆಗೆ ಟ್ರೆಜೆಗೆ, ಗೋವೆಗೆ ರಾಬರ್ಟ್ ಪಿರೆಸ್ ಬಂದು ಒಂದು ಋತು ಆಡಿ ಹೋದರು. ಕಾಶಿಮಾವನ್ನು ಕಟ್ಟಿದ ಅದೇ ಜೀಕೊ ಗೋವಾ ತಂಡದ ತರಬೇತುದಾರನಾಗಿ ಮೂರು ಋತುಗಳನ್ನು ಕಳೆದು ತಂಡವನ್ನು 2015ರ ಫೈನಲ್‌ವರೆಗೆ ಒಯ್ದ. ಆ ಮೊದಲ ಸಾಲಿನಲ್ಲಿಲ್ಲದ ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ, ನಿವೃತ್ತಿಯ ಅಂಚಿನ ವಿದೇಶಿ ಹೆಸರುಗಳನ್ನು ಅವಲಂಬಿಸದೆ ದೇಶದ ಇನ್ನೊಂದು ವೃತ್ತಿಪರ ಲೀಗಾದ ಐ-ಲೀಗನ್ನು ಎರಡು ಬಾರಿ ಗೆದ್ದು, 2017ರಲ್ಲಿ ಸೂಪರ್ ಲೀಗಿಗೆ ಬಂದು 2019ರಲ್ಲಿ ಅದನ್ನೂ ಗೆದ್ದಿತು. ಆದರೂ ಲೀಗಿನ ವಾಣಿಜ್ಯ ಹಕ್ಕುಗಳ ಕರಾರು ನವೀಕರಣವಾಗದೆ ಪಂದ್ಯಗಳೇ ಅನಿಶ್ಚಿತವಾದಾಗ, 2025ರ ಆಗಸ್ಟ್‌ನಲ್ಲಿ ಅದು ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯಬೇಕಾಯಿತು. ಇದು ಬೆಂಗಳೂರಿನ ಕಥೆಯಷ್ಟೇ ಅಲ್ಲ: ಆಟಗಾರರ ಅಂತರರಾಷ್ಟ್ರೀಯ ಸಂಘವಾದ ಫಿಫ್‌ಪ್ರೊ 2016ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇಕಡ 41ರಷ್ಟು ಆಟಗಾರರು ಸಂಬಳ ತಡವಾಗಿ ಬಂದದ್ದನ್ನು ತಿಳಿಸಿದ್ದರು, ಶೇಕಡ 45ಕ್ಕೂ ಹೆಚ್ಚು ಜನ ತಿಂಗಳಿಗೆ 1000 ಡಾಲರಿಗಿಂತ ಕಡಿಮೆ ಗಳಿಸುತ್ತಿದ್ದರು. ರೊನಾಲ್ಡೊನ ಕರಾರಿನ ಕುರಿತು ನಡೆಯುವ ಚರ್ಚೆಯ ಒಂದು ಪಾಲಾದರೂ ಈ ಆಟಗಾರರಿಗೆ ಸಂಬಳವನ್ನು ಖಾತರಿಪಡಿಸುವ ನಿಯಮಗಳ ಕಡೆಗೆ ಹೊರಳಬೇಕಾಗಿದೆ.