ಎರಡನೇ ವಿಧದ ಮಧುಮೇಹ: ರಕ್ತದ ಸಕ್ಕರೆ ಅಂಶದ ನಿಯಂತ್ರಣ

ಮಧುಮೇಹ ಅಥವಾ ಸಕ್ಕರೆ ಕಾಯಿಲೆಯು ದೀರ್ಘಕಾಲ ಉಳಿಯುವ, ಸಾಂಕ್ರಾಮಿಕವಲ್ಲದ ರೋಗವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇವರಲ್ಲಿ ಬಹುಪಾಲು ಜನರದು ಎರಡನೇ ವಿಧದ ಮಧುಮೇಹ. ಈ ವಿಧದಲ್ಲಿ ದೇಹವು ಇನ್ಸುಲಿನ್ನನ್ನು ಸರಿಯಾಗಿ ಬಳಸಿಕೊಳ್ಳುವುದಿಲ್ಲ. ಕ್ರಮೇಣ ಅದರ ಉತ್ಪಾದನೆಯೂ ಸಾಲದಾಗುತ್ತದೆ. ಪರಿಣಾಮವಾಗಿ ಸಕ್ಕರೆಯು ಜೀವಕೋಶಗಳನ್ನು ಸೇರದೆ ರಕ್ತದಲ್ಲಿಯೇ ಉಳಿಯುತ್ತದೆ.

ತೊಂದರೆ ಕಾಣದಿದ್ದರೂ ಅಪಾಯವಿದೆ

ಸಕ್ಕರೆ ಅಂಶ ಹೆಚ್ಚಾಗಿದ್ದರೂ ಅನೇಕರಿಗೆ ನೋವಾಗಲಿ ಆಯಾಸವಾಗಲಿ ಇರುವುದಿಲ್ಲ. ಆದರೆ ಇದೇ ಅವಧಿಯಲ್ಲಿ ಕಣ್ಣು, ಮೂತ್ರಪಿಂಡ, ನರ ಮತ್ತು ಹೃದಯಕ್ಕೆ ಹಾನಿಯಾಗುತ್ತಿರುತ್ತದೆ. ಬ್ರಿಟನ್ನಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಕ್ಕರೆಯನ್ನು ಹೆಚ್ಚು ಬಿಗಿಯಾಗಿ ನಿಯಂತ್ರಿಸಿದವರಲ್ಲಿ ಸಣ್ಣ ರಕ್ತನಾಳಗಳ ತೊಂದರೆಗಳು ಶೇ. 25ರಷ್ಟು ಕಡಿಮೆಯಾಗಿದ್ದವು. ಆದ್ದರಿಂದ "ಆರಾಮವಾಗಿದ್ದೇನೆ" ಎಂಬ ಭಾವನೆಯನ್ನು ನಂಬದೆ ಪರೀಕ್ಷೆಯ ಅಂಕಿಗಳನ್ನು ಆಧರಿಸಿ ನಡೆಯುವುದು ಅಗತ್ಯ.

ಗುರಿ ಎಷ್ಟಿರಬೇಕು?

ಬಹುತೇಕ ವಯಸ್ಕ ಮಧುಮೇಹಿಗಳಿಗೆ ಸೂಚಿಸಲಾಗುವ ಗುರಿಗಳು (ಪ್ರತಿ ಡೆಸಿಲೀಟರ್ ರಕ್ತಕ್ಕೆ ಮಿಲಿಗ್ರಾಂಗಳಲ್ಲಿ):

1. ಖಾಲಿ ಹೊಟ್ಟೆಯಲ್ಲಿ: 80ರಿಂದ 130
2. ಊಟ ಆರಂಭಿಸಿದ ಎರಡು ಗಂಟೆಯ ನಂತರ: 180ಕ್ಕಿಂತ ಕಡಿಮೆ
3. ಎಚ್‌ಬಿಎ1ಸಿ: ಶೇ. 7ಕ್ಕಿಂತ ಕಡಿಮೆ

ವಯೋವೃದ್ಧರಿಗೆ ಮತ್ತು ಇತರ ಕಾಯಿಲೆ ಇರುವವರಿಗೆ ವೈದ್ಯರು ಬೇರೆ ಗುರಿಯನ್ನು ನಿಗದಿಪಡಿಸಬಹುದು. ಬೆಳಗಿನ ಪರೀಕ್ಷೆಯು ಆ ಹೊತ್ತಿನ ಲೆಕ್ಕವನ್ನಷ್ಟೇ ತೋರಿಸುತ್ತದೆ. ಎಚ್‌ಬಿಎ1ಸಿ ಪರೀಕ್ಷೆಯು ಹಿಂದಿನ ಎರಡು-ಮೂರು ತಿಂಗಳುಗಳ ಸರಾಸರಿಯನ್ನು ತಿಳಿಸುತ್ತದೆ. ಪರೀಕ್ಷೆಗೆ ಎರಡು ದಿನ ಮೊದಲು ಮಾತ್ರ ಪಥ್ಯ ಮಾಡಿದರೆ ಈ ಲೆಕ್ಕ ಬದಲಾಗದು. ಪ್ರತಿ ಪರೀಕ್ಷೆಯ ದಿನಾಂಕ ಹಾಗೂ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸುವುದು ಉಪಯುಕ್ತ.

ಆಹಾರ ಮತ್ತು ವ್ಯಾಯಾಮ

ಅನ್ನ, ಮುದ್ದೆ, ಚಪಾತಿ, ರೊಟ್ಟಿ ಇವೆಲ್ಲವೂ ಸಕ್ಕರೆ ಅಂಶವನ್ನು ಏರಿಸುತ್ತವೆ. ಅನ್ನ ಬಿಟ್ಟು ರಾಗಿಮುದ್ದೆಯನ್ನು ಎಷ್ಟಾದರೂ ಉಣ್ಣಬಹುದೆಂಬ ನಂಬಿಕೆ ಸರಿಯಲ್ಲ. ರಾಗಿಯಲ್ಲಿ ನಾರಿನಂಶ ಹೆಚ್ಚಿದ್ದರೂ ಪಿಷ್ಟವೂ ಇರುವುದರಿಂದ ಪ್ರಮಾಣ ಮುಖ್ಯ. ತಟ್ಟೆಯ ಅರ್ಧ ಭಾಗ ಸೊಪ್ಪು-ತರಕಾರಿ, ಕಾಲು ಭಾಗ ಬೇಳೆಕಾಳು ಅಥವಾ ಮೊಟ್ಟೆ, ಮೀನು, ಉಳಿದ ಕಾಲು ಭಾಗ ಅನ್ನ ಅಥವಾ ಮುದ್ದೆ ಇರುವುದು ಸೂಕ್ತ. ಬೆಲ್ಲ ಮತ್ತು ಜೇನುತುಪ್ಪವು ಸಕ್ಕರೆಗೆ ಪರ್ಯಾಯವಲ್ಲ. ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕು ನಡಿಗೆ ಅಗತ್ಯ. ಧೂಮಪಾನವನ್ನು ಸಂಪೂರ್ಣವಾಗಿ ತ್ಯಜಿಸಬೇಕು.

ಔಷಧಿಯನ್ನು ನಿಲ್ಲಿಸಬಾರದು

ವರದಿ ಸರಿಬಂದ ಕೂಡಲೇ ಮಾತ್ರೆ ನಿಲ್ಲಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಅನೇಕ ವೇಳೆ ವರದಿ ಸರಿಬಂದಿರುವುದು ಆ ಮಾತ್ರೆಯಿಂದಲೇ ಎಂಬುದನ್ನು ಮರೆಯಬಾರದು. ಔಷಧಿಯ ಪ್ರಮಾಣವನ್ನು ಕಡಿಮೆ ಮಾಡುವ ಅಥವಾ ನಿಲ್ಲಿಸುವ ತೀರ್ಮಾನವನ್ನು ವೈದ್ಯರೇ ಕೈಗೊಳ್ಳತಕ್ಕದ್ದು. ಇನ್ಸುಲಿನ್ ಸೂಚಿಸಿದಲ್ಲಿ ಅದನ್ನು ಕೊನೆಯ ಹಂತವೆಂದು ಹೆದರಿ ನಿರಾಕರಿಸಬಾರದು.

ಸಕ್ಕರೆ ಅಂಶ ಕುಸಿದಾಗ

ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ಸೇವಿಸಿ ಊಟ ತಪ್ಪಿಸಿದರೆ ಸಕ್ಕರೆ ಅಂಶವು 70ಕ್ಕಿಂತ ಕೆಳಗೆ ಇಳಿಯಬಹುದು. ನಡುಕ, ಬೆವರು, ಎದೆಬಡಿತ, ಹಸಿವು ಮತ್ತು ಗೊಂದಲ ಇದರ ಲಕ್ಷಣಗಳು. ತಕ್ಷಣ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿಕೊಳ್ಳಬೇಕು; ಸುಧಾರಿಸದಿದ್ದಲ್ಲಿ ಪುನಃ ಅಷ್ಟೇ ಸೇವಿಸಬೇಕು. ರೋಗಿಯು ಪ್ರಜ್ಞೆ ತಪ್ಪಿದ್ದಲ್ಲಿ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಏಕಾದಶಿ, ರಂಜಾನ್ ಮುಂತಾದ ಉಪವಾಸಗಳಿಗೆ ಮುನ್ನ ವೈದ್ಯರ ಸಲಹೆ ಪಡೆಯುವುದು ಅವಶ್ಯಕ.

ವಾರ್ಷಿಕ ತಪಾಸಣೆ

ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟಲ, ಮೂತ್ರದಲ್ಲಿನ ಅಲ್ಬುಮಿನ್, ರಕ್ತದ ಕ್ರಿಯಾಟಿನಿನ್, ಕೊಬ್ಬಿನಂಶ ಹಾಗೂ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು. ರಕ್ತದೊತ್ತಡವನ್ನು ಪ್ರತಿ ಭೇಟಿಯಲ್ಲಿಯೂ ನೋಡಿಸಿಕೊಳ್ಳಬೇಕು. ನರಗಳ ಸ್ಪರ್ಶಜ್ಞಾನ ಕುಂದಿದಾಗ ಮುಳ್ಳು ಚುಚ್ಚಿದರೂ ಅರಿವಾಗದು. ಆದಕಾರಣ ಹೊಲ-ಗದ್ದೆಗಳಲ್ಲಿ ಬರಿಗಾಲಿನಲ್ಲಿ ನಡೆಯದೆ, ಪ್ರತಿದಿನ ರಾತ್ರಿ ಅಂಗಾಲನ್ನು ಸ್ವತಃ ಅಥವಾ ಮನೆಯವರ ನೆರವಿನಿಂದ ಪರಿಶೀಲಿಸುವುದು ಒಳಿತು.

ಸೌಲಭ್ಯಗಳು

30 ವರ್ಷ ಹಾಗೂ ಮೇಲ್ಪಟ್ಟ ಎಲ್ಲರಿಗೂ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಧುಮೇಹ ತಪಾಸಣೆಯನ್ನು ಉಚಿತವಾಗಿ ಮಾಡಲಾಗುತ್ತದೆ. ಸಾರ್ವಜನಿಕರು ಲಕ್ಷಣಗಳಿಗಾಗಿ ಕಾಯದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಿ ಇದರ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.