ವಿದ್ಯುಚ್ಚಿಕಿತ್ಸೆ: ಒಂದು ಮನೆಯ ವಿಚಾರ

ನಮ್ಮ ಸೀಮೆಯಲ್ಲಿ ಯಾವನಾದರೂ ಸ್ವಲ್ಪ ವಿಪರೀತವಾಗಿ ನಡೆದುಕೊಂಡನೆಂದರೆ "ಇವನ್ನ ಧಾರವಾಡಕ್ಕ ಕಳಸಬೇಕು" ಎಂದು ನಗಾಡುವ ರೂಢಿಯುಂಟು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳಲ್ಲಿ ಆ ಮಾತನ್ನು ಕೇಳದ ಕಿವಿಯಿಲ್ಲ. ಮೂವತ್ತಾರು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನೂ ಅದನ್ನಾಡಿ ಎಷ್ಟೋ ಸಲ ವರ್ಗವನ್ನು ನಗಿಸಿದವನೇ. ಆಂಗ್ಲರ ಆಳಿಕೆಯಲ್ಲಿ, ೧೮೪೫ರಲ್ಲಿ, ಹುಚ್ಚರ ಆಸ್ಪತ್ರೆಯೆಂದು ಹುಟ್ಟಿದ ಧಾರವಾಡದ ಆ ಸಂಸ್ಥೆಯು ಈಗ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯೆಂಬ ಗಂಭೀರವಾದ ಹೆಸರನ್ನು ಪಡೆದಿದೆ. ಜನರು ಡಿಮ್ಹಾನ್ಸ್ ಎನ್ನುತ್ತಾರೆ. ಹೆಸರು ಬದಲಾದರೂ ನಗೆ ಮಾತ್ರ ಹಳೆಯದೇ ಉಳಿದಿದೆ. ಎರಡು ವರ್ಷಗಳ ಹಿಂದೆ ನಾನೇ ಧಾರವಾಡದ ಬಸ್ಸನ್ನು ಹತ್ತಬೇಕಾಯಿತು. ಅಲ್ಲಿ ನನಗೆ ಸೂಚಿಸಿದ ಚಿಕಿತ್ಸೆಗೆ ನಮ್ಮವರು "ಕರೆಂಟ್ ಕೊಡೂದು" ಎನ್ನುತ್ತಾರೆ. ಅದನ್ನು ಒಪ್ಪಬೇಕೋ ಬೇಡವೋ ಎಂದು ಹದಿನೈದು ದಿನ ನಮ್ಮ ಮನೆಯಲ್ಲಿ ನಡೆದ ವಿಚಾರವನ್ನು, ಅಂಥದೇ ಪ್ರಸಂಗ ಒದಗಿದ ಮನೆಗಳ ಸಲುವಾಗಿ, ಇಲ್ಲಿ ಬರೆದಿದ್ದೇನೆ. ಇದರಲ್ಲಿ ಕೆಲವು ಸಂಗತಿಗಳು ನನ್ನ ನೆನಪಿನವಲ್ಲ, ಹೆಂಡತಿಯ ಬಾಯಿಂದ ಕೇಳಿದವು. ಅದೇಕೆಂಬದು ಮುಂದೆ ವಾಚಕರಿಗೆ ತಿಳಿಯುವದು.

ನಿವೃತ್ತನಾದ ವರ್ಷದ ಕಾರ್ತಿಕದಲ್ಲಿ ನನ್ನ ನಿದ್ರೆ ಕೆಟ್ಟಿತು. ಮೊದಲು ಬೆಳಗಿನ ಮೂರು ಗಂಟೆಗೆ ಆಗುತ್ತಿದ್ದ ಎಚ್ಚರವು ಬರಬರುತ್ತ ಒಂದು ಗಂಟೆಗೇ ಆಗಹತ್ತಿತು. ರೊಟ್ಟಿಯು ಬಾಯಲ್ಲಿ ಮಣ್ಣಾಯಿತು. ಸ್ನಾನ, ಸಂಧ್ಯೆ, ಪುಸ್ತಕ, ಮೊಮ್ಮಗನ ಮಾತು ಯಾವದೂ ಬೇಡವಾಯಿತು. ಎಂದೋ ಒಬ್ಬ ಹುಡುಗನನ್ನು ಅನ್ಯಾಯವಾಗಿ ನಪಾಸು ಮಾಡಿದ್ದೇನೆ, ಆ ಪಾಪದಿಂದ ಮನೆತನವೆಲ್ಲ ನಾಶವಾಗುವದು ಎಂಬ ನಂಬಿಗೆಯೊಂದು ಎದೆಯಲ್ಲಿ ಬೇರೂರಿತು. ಮೂರು ತಿಂಗಳಲ್ಲಿ ನನ್ನ ತೂಕವು ೬೨ ಕಿಲೋದಿಂದ ೪೯ಕ್ಕೆ ಇಳಿಯಿತು. ವೇದಾಂತ ಬಲ್ಲ ಮಿತ್ರರೊಬ್ಬರು ಬಂದು ಅರ್ಜುನನ ವಿಷಾದವನ್ನು ನೆನಪಿಸಿ ಧೈರ್ಯ ಹೇಳಿದರು. ಅರ್ಜುನನಿಗೆ ವಾದಿಸುವ ಶಕ್ತಿಯಾದರೂ ಇದ್ದಿತು. ನನಗೆ ನೀರು ಬೇಕೆಂದು ಹೇಳುವ ಶಕ್ತಿಯೂ ಇರಲಿಲ್ಲ.

ಮಾನಸಿಕ ತಜ್ಞರು ಮಂಗಳವಾರಗಳಂದು ತಾಲೂಕಿನ ಆಸ್ಪತ್ರೆಗೆ ಬರುವ 'ಮನೋಚೈತನ್ಯ'ವೆಂಬ ಯೋಜನೆಯನ್ನು ರಾಜ್ಯ ಸರಕಾರವು ೨೦೧೪ರಲ್ಲಿ ಆರಂಭಿಸಿದ್ದಿತು. ಅಂಥದೊಂದು ಮಂಗಳವಾರ ಬೈಲಹೊಂಗಲದಲ್ಲಿ ನನ್ನ ರೋಗಕ್ಕೆ ಮೊದಲು ಹೆಸರು ಬಿದ್ದಿತು: ತೀವ್ರವಾದ ಖಿನ್ನತೆ. ಒಂದು ಔಷಧವಾಯಿತು, ತರುವಾಯ ಮತ್ತೊಂದು. ಎರಡನ್ನೂ ತಕ್ಕ ಪ್ರಮಾಣದಲ್ಲಿ ತಕ್ಕಷ್ಟು ವಾರ ತೆಗೆದುಕೊಂಡೆನು. ನಡುವೆ ಸವದತ್ತಿಯಲ್ಲಿರುವ ತಂಗಿಯು ಎಲ್ಲಮ್ಮನಿಗೆ ಹರಕೆ ಹೊತ್ತು ನನ್ನನ್ನು ಗುಡ್ಡಕ್ಕೂ ಕರೆದೊಯ್ದಳು. ಅದನ್ನು ನಾನು ಹಗುರಾಗಿ ಕಾಣುವದಿಲ್ಲ. ಅಷ್ಟೂ ದಿನಗಳಲ್ಲಿ ನಾನು ಮನೆಯ ಹೊಸ್ತಿಲು ದಾಟಿದ್ದು ಆಸ್ಪತ್ರೆಗೆ ಮತ್ತು ಆ ಗುಡ್ಡಕ್ಕೆ ಮಾತ್ರ. ಆದರೆ ರೋಗವು ಇಳಿಯಲಿಲ್ಲ. ಕೊನೆಗೆ ಧಾರವಾಡದ ವೈದ್ಯರು ವಿದ್ಯುಚ್ಚಿಕಿತ್ಸೆಯ ಮಾತನ್ನು ತೆಗೆದರು.

ಮನೆಯಲ್ಲಿ ಸಭೆ ಕೂಡಿತು. ಬಲವಾಗಿ ವಿರೋಧಿಸಿದವನು ರಾಮದುರ್ಗದಿಂದ ಬಂದ ನನ್ನ ಹೆಂಡತಿಯ ತಮ್ಮ. "ಅಕ್ಕಾ, ನಮ್ಮ ಸ್ವಾದರಮಾವಗ ಏನಾತು ನೀ ಮರತಿ ಏನ? ನಾಕು ಮಂದಿ ಹಿಡದು ಕರೆಂಟ್ ಕೊಟ್ಟಿದ್ರು. ಹಲ್ಲ ಮುರದು ಮನಿಗೆ ಬಂದಾ. ನಮ್ಮ ಮಾವಾರಿಗೆ ಆ ಗತಿ ಬ್ಯಾಡ" ಎಂದನು. ಅವನು ಸುಳ್ಳು ಹೇಳಲಿಲ್ಲ. ಐವತ್ತು ವರ್ಷಗಳ ಹಿಂದೆ, ಎಲ್ಲಿಯೋ, ಅವರ ಸೋದರಮಾವನಿಗೆ ಆದದ್ದು ಹಾಗೆಯೇ. ಚಲಚ್ಚಿತ್ರಗಳಲ್ಲಿ ಕಾಣುವದೂ ಅದೇ: ಖಳನು ನಿರ್ದೋಷಿಯನ್ನು ಮಂಚಕ್ಕೆ ಕಟ್ಟಿಸಿ ವಿದ್ಯುತ್ತನ್ನು ಹರಿಸುವನು. ಆದಕಾರಣ ಈ ಚಿಕಿತ್ಸೆಯು ಹಿಂದೆ ಏನಾಗಿತ್ತು, ಈಗ ಏನಾಗಿದೆ ಎಂಬದನ್ನು ಬೇರೆಬೇರೆಯಾಗಿ ತಿಳಿಯುವದು ಅವಶ್ಯ.

ಇದರ ಮೂಲದಲ್ಲಿ ಇದ್ದದ್ದು ವಿದ್ಯುತ್ತಲ್ಲ, ಕರ್ಪೂರ. ೧೯೩೪ರಲ್ಲಿ ಹಂಗೇರಿ ದೇಶದ ಮೆಡೂನಾ ಎಂಬ ವೈದ್ಯನು ಎಣ್ಣೆಯಲ್ಲಿ ಕಲಸಿದ ಕರ್ಪೂರವನ್ನು ಸೂಜಿಯಿಂದ ಚುಚ್ಚಿ ರೋಗಿಗಳಲ್ಲಿ ಅಪಸ್ಮಾರದಂಥ ಸೆಳವನ್ನು ತಂದನು. ಅಪಸ್ಮಾರವಿದ್ದಲ್ಲಿ ಚಿತ್ತವಿಕಲತೆ ಇರಲಾರದೆಂಬದು ಅವನ ಊಹೆ. ಊಹೆಯು ತಪ್ಪೆಂದು ಮುಂದೆ ತಿಳಿಯಿತು. ಆದರೆ ಸೆಳವು ಬಂದುಹೋದ ರೋಗಿಗಳಲ್ಲಿ ಕೆಲವರು ಚೇತರಿಸಿಕೊಂಡದ್ದು ಮಾತ್ರ ದಿಟ. ೧೯೩೮ರಲ್ಲಿ ರೋಮ್ ನಗರದಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬವರು ಕರ್ಪೂರದ ಬದಲು ವಿದ್ಯುತ್ತಿನಿಂದ ಅದೇ ಸೆಳವನ್ನು ತಂದರು. ಇದರ ನಿಜವಾದ ಪ್ರಯೋಜನವು ಕಡುಖಿನ್ನತೆಯಲ್ಲಿಯೇ ಹೆಚ್ಚೆಂದು ತರುವಾಯ ಕಂಡುಬಂದಿತು. ಆ ಕಾಲದಲ್ಲಿ ಅರಿವಳಿಕೆಯನ್ನು ಕೊಡುತ್ತಿರಲಿಲ್ಲವಾದ್ದರಿಂದ ಸೆಳವಿನ ಬಿರುಸಿಗೆ ಬೆನ್ನೆಲುಬು ಸಹ ಮುರಿಯುವದುಂಟಾಗಿತ್ತು. ೧೯೫೦ರ ದಶಕದಿಂದ ಸ್ನಾಯುಗಳನ್ನು ಸಡಿಲಿಸುವ ಔಷಧವು ರೂಢಿಗೆ ಬಂದರೂ ನಮ್ಮ ದೇಶದ ಅನೇಕ ಕಡೆಗಳಲ್ಲಿ ಹಳೆಯ ಕ್ರಮವೇ ಬಹುಕಾಲ ನಡೆಯಿತು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಅರಿವಳಿಕೆ ಮತ್ತು ಸ್ನಾಯುಶೈಥಿಲ್ಯದ ಔಷಧಗಳಿಲ್ಲದೆ ಈ ಚಿಕಿತ್ಸೆಯನ್ನು ಕೊಡಕೂಡದೆಂದು ನಿಷೇಧಿಸಿದೆ. ಭಾವಮೈದುನನ ಸಂಶಯಕ್ಕೆ ಇದೇ ಉತ್ತರವಾಯಿತು.

ಇಲ್ಲಿ ನನ್ನ ಶಾಸ್ತ್ರದ ಚಾಪಲ್ಯದ ಒಂದು ಮಾತು. 'ಶಾಕ್' ಎಂಬ ಶಬ್ದದಿಂದ ಜನರು ಇದನ್ನು ಬೆದರಿಸಿ ಬುದ್ಧಿ ತರುವ ಉಪಾಯವೆಂದು ತಿಳಿಯುತ್ತಾರೆ. ಅಂಥ ಉಪಾಯವು ನಮ್ಮ ಚರಕಸಂಹಿತೆಯ ಉನ್ಮಾದಚಿಕಿತ್ಸೆಯಲ್ಲಿ ಇದೆ: ಹಲ್ಲು ಕಿತ್ತ ಹಾವಿನಿಂದ, ಪಳಗಿಸಿದ ಸಿಂಹ ಗಜಗಳಿಂದ ರೋಗಿಯನ್ನು ಹೆದರಿಸಬೇಕೆಂದು ಅಲ್ಲಿ ಹೇಳಿದೆ. ವಿದ್ಯುಚ್ಚಿಕಿತ್ಸೆಯು ಆ ಜಾತಿಯದಲ್ಲ. ರೋಗಿಯು ನಿದ್ರಿಸುತ್ತಿರುವನು, ಅವನಿಗೆ ಭಯವೂ ಇಲ್ಲ, ನೋವೂ ಇಲ್ಲ. ಗುಣವನ್ನು ಕೊಡುವದು ಆಘಾತವಲ್ಲ, ಮಿದುಳಿನಲ್ಲಿ ಏಳುವ ಸೆಳವು. ಅದು ಹೇಗೆ ಗುಣವನ್ನು ತರುತ್ತದೆಂಬ ವಿಷಯದಲ್ಲಿ ವಿಜ್ಞಾನಿಗಳ ವಾದವು ಇನ್ನೂ ಮುಗಿದಿಲ್ಲ.

ಕಿತ್ತೂರಿನಲ್ಲಿ ಔಷಧದ ಅಂಗಡಿಯನ್ನಿಟ್ಟಿರುವ ನನ್ನ ಹಳೆಯ ಶಿಷ್ಯನೊಬ್ಬನು ಅಂದಿನ ಸಭೆಗೆ ಬಂದಿದ್ದನು. "ಗುರುಗಳ, ಹೌದು ಅನ್ನಾಕ ಅವಸರ ಮಾಡಬ್ಯಾಡ್ರಿ, ಅಲ್ಲ ಅನ್ನಾಕೂ ಅವಸರ ಮಾಡಬ್ಯಾಡ್ರಿ. ಕೇಳೂದೆಲ್ಲಾ ಬರಕೊಂಡು ಹೋಗೂಣು" ಎಂದು ಒಂದು ವಹಿಯಲ್ಲಿ ಪ್ರಶ್ನೆಗಳನ್ನು ಬರೆಯಿಸಿದನು. ನಾನು ಅವನಿಗೆ ಕಲಿಸಿದ್ದಕ್ಕಿಂತ ಅವನು ಆ ದಿನ ನಮಗೆ ಕಲಿಸಿದ್ದೇ ಹೆಚ್ಚು. ಆ ವಹಿಯನ್ನು ಹೆಂಡತಿಯು ಇಂದಿಗೂ ದೇವರ ಕೋಣೆಯ ಗೂಡಿನಲ್ಲಿ ಇಟ್ಟಿದ್ದಾಳೆ.

ಮೊದಲನೆಯ ಪ್ರಶ್ನೆ: ಮೂರನೆಯ ಔಷಧವನ್ನು ನೋಡಬಾರದೇಕೆ? ವೈದ್ಯರು ಅಮೆರಿಕೆಯಲ್ಲಿ ಸುಮಾರು ೪,೦೦೦ ರೋಗಿಗಳ ಮೇಲೆ ನಡೆದು ೨೦೦೬ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯೊಂದನ್ನು ಹೇಳಿದರು. ಮೊದಲನೆಯ ಔಷಧದಿಂದ ಪೂರ್ಣಗುಣವಾದದ್ದು ಮೂವರಲ್ಲಿ ಒಬ್ಬನಿಗೆ; ಎರಡು ವಿಫಲವಾದ ಮೇಲೆ ಮೂರನೆಯದರಿಂದ ಏಳು ಜನರಲ್ಲಿ ಒಬ್ಬನಿಗೆ ಮಾತ್ರ. ಮೇಲಾಗಿ ಗುಳಿಗೆಗೆ ಮತ್ತೆ ನಾಲ್ಕಾರು ವಾರ ಕಾಯಬೇಕು. ಊಟ ಬಿಟ್ಟು, ಬದುಕುವ ಆಸೆಯನ್ನೂ ಬಿಟ್ಟ ಮನುಷ್ಯನ ಮನೆಯಲ್ಲಿ ಆರು ವಾರವೆಂದರೆ ಸಣ್ಣ ಕಾಲವಲ್ಲ. ಖಿನ್ನತೆಗೆ ವಿದ್ಯುಚ್ಚಿಕಿತ್ಸೆಯು ಔಷಧಗಳಿಗಿಂತ ಹೆಚ್ಚಿನ ಫಲವನ್ನು ಕೊಡುತ್ತದೆಂದು ಬ್ರಿಟನ್ನಿನ ವೈದ್ಯರ ಮಂಡಲಿಯೊಂದು ಅದುವರೆಗಿನ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿ ೨೦೦೩ರಲ್ಲಿ ನಿರ್ಣಯಿಸಿದೆ. ಆ ಹೆಚ್ಚಳವು ಅಲ್ಪಾವಧಿಯದೆಂಬ ಮಾತನ್ನೂ ಸೇರಿಸಿದೆ.

ಪ್ರಾಣಾಪಾಯವೆಷ್ಟು? ಲಕ್ಷ ಸಲ ಕೊಟ್ಟರೆ ಸುಮಾರು ಎರಡು ಮರಣಗಳು. ಚಿಕ್ಕ ಶಸ್ತ್ರಕ್ರಿಯೆಗೆ ಕೊಡುವ ಅರಿವಳಿಕೆಯಲ್ಲಿರುವಷ್ಟೇ ಭಯ. ಎಷ್ಟು ಸಲ? ಬಹುಮಟ್ಟಿಗೆ ಆರರಿಂದ ಹನ್ನೆರಡು, ವಾರಕ್ಕೆ ಎರಡು ಅಥವಾ ಮೂರು. ಗುಣವು ನಿಲ್ಲುವದೋ? ಈ ಪ್ರಶ್ನೆಗೆ ಬಂದ ಉತ್ತರವನ್ನು ಕೇಳಿ ಹೆಂಡತಿಯ ಮುಖವು ಸಣ್ಣದಾಯಿತಂತೆ. ಚಿಕಿತ್ಸೆಯಿಂದ ಚೇತರಿಸಿಕೊಂಡವರಲ್ಲಿ ಮುಂದೆ ಔಷಧವಿಲ್ಲದವರ ಪೈಕಿ ಆರು ತಿಂಗಳೊಳಗೆ ನೂರಕ್ಕೆ ೮೪ ಜನ ಮರಳಿ ಬಿದ್ದರೆಂದು ೨೦೦೧ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ನಾರ್ಟ್ರಿಪ್ಟಿಲಿನ್ ಒಂದನ್ನೇ ಕೊಟ್ಟಾಗ ೬೦, ಅದರೊಡನೆ ಲಿಥಿಯಮ್ಮನ್ನೂ ಕೊಟ್ಟಾಗ ೩೯. ಅಂದರೆ ಇದು ಬಾವಿಯಲ್ಲಿ ಬಿದ್ದವನನ್ನು ಮೇಲಕ್ಕೆತ್ತುವ ಹಗ್ಗ. ಎತ್ತಿದ ಮೇಲೆ ಬಾವಿಗೆ ಕಟ್ಟೆಯನ್ನು ಬೇರೆಯಾಗಿಯೇ ಕಟ್ಟಬೇಕು.

ಉಳಿದದ್ದು ನೆನಪಿನ ಪ್ರಶ್ನೆ. ನನ್ನನ್ನು ತಡೆದದ್ದು ಇದೊಂದೇ. ನನ್ನ ಹತ್ತಿರ ಹೊಲವಿಲ್ಲ, ಬಂಗಾರವಿಲ್ಲ. ಎಂಟನೆಯ ವಯಸ್ಸಿನಿಂದ ಕಂಠಸ್ಥ ಮಾಡಿಕೊಂಡ ಅಮರಕೋಶ, ಧಾತುಪಾಠ, ರಘುವಂಶದ ಕೆಲವು ಸರ್ಗಗಳು, ಇವಿಷ್ಟೇ ನನ್ನ ಸಂಪತ್ತು. ವೈದ್ಯರು ಮುಚ್ಚುಮರೆ ಮಾಡಲಿಲ್ಲ. ಚಿಕಿತ್ಸೆಯ ದಿನಗಳಲ್ಲಿ ಮತ್ತು ತುಸು ಮುಂದೆ ಹೊಸದು ತಲೆಯಲ್ಲಿ ನಿಲ್ಲುವದಿಲ್ಲ, ಇದು ಕೆಲವು ವಾರಗಳಲ್ಲಿ ಸರಿಹೋಗುವದು. ಚಿಕಿತ್ಸೆಗೆ ಮುಂಚಿನ ಕೆಲವು ತಿಂಗಳ ಸಂಗತಿಗಳು ಅಳಿಯಬಹುದು, ಅವುಗಳಲ್ಲಿ ಕೆಲವು ಎಂದಿಗೂ ಮರಳುವದಿಲ್ಲ. ವಿರಳವಾಗಿ ಅದಕ್ಕೂ ಹಿಂದಿನವು ಹೋದವೆಂದು ದುಃಖಿಸುವವರೂ ಇದ್ದಾರೆ. ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದು ಸಾಮಾನ್ಯವಾಗಿ ಉಳಿಯುವದು ಎಂದು ಹೇಳಿದರು. ತಲೆಯ ಎರಡೂ ಬದಿಗೆ ವಿದ್ಯುತ್ತನ್ನು ಕೊಡುವದಕ್ಕಿಂತ ಬಲಬದಿಗೆ ಮಾತ್ರ ಕೊಟ್ಟರೆ ಮರೆವು ಕಡಿಮೆಯೆಂದೂ, ಕೆಲವರಿಗೆ ಅದರಿಂದ ಸಾಕಷ್ಟು ಗುಣ ಬಾರದೆಂದೂ ತಿಳಿಸಿದರು.

"ಸಾಮಾನ್ಯವಾಗಿ" ಎಂಬ ಆ ಒಂದು ಶಬ್ದವನ್ನು ಹಿಡಿದುಕೊಂಡು ನಾನು ಬೇಡವೆಂದೆನು. ಆ 'ಬೇಡ' ನನ್ನದೋ, ರೋಗದ್ದೋ? ಆಗ ನಾನು ಅನ್ನಕ್ಕೂ ಬೇಡ, ಬಿಸಿಲಿಗೂ ಬೇಡ ಎನ್ನುತ್ತಿದ್ದೆನು. ಮನೆಯವರು ಒತ್ತಾಯಿಸಿ ಮಾಡಿಸಬಹುದಾಗಿತ್ತಲ್ಲವೇ ಎಂದು ಕೇಳುವವರಿದ್ದಾರೆ. ಕಾಯಿದೆಯು ಅದನ್ನು ಒಪ್ಪುವದಿಲ್ಲ. ತಿಳಿದು ನಿರ್ಣಯಿಸುವ ಶಕ್ತಿಯುಳ್ಳ ರೋಗಿಯ ಒಪ್ಪಿಗೆಯೇ ಪ್ರಮಾಣ; ತುರ್ತುಚಿಕಿತ್ಸೆಯೆಂಬ ನೆಪದಿಂದ ಇದನ್ನು ಕೊಡುವಂತಿಲ್ಲ; ಅಪ್ರಾಪ್ತವಯಸ್ಕರಿಗಾದರೆ ಪಾಲಕರ ಒಪ್ಪಿಗೆಯ ಜೊತೆಗೆ ಮಂಡಳಿಯ ಅನುಮತಿಯೂ ಬೇಕು. ವೈದ್ಯರು ಮೂರು ದಿನ ಬೇರೆಬೇರೆಯಾಗಿ ಕೂಡ್ರಿಸಿ ಹೇಳಿದರು. ಹೇಳಿದ್ದನ್ನು ನನ್ನ ಬಾಯಿಂದ ಮರಳಿ ಹೇಳಿಸಿದರು, ನಾವು ಮಕ್ಕಳಿಗೆ ಪಾಠ ಒಪ್ಪಿಸಲು ಹೇಳಿದಂತೆ. ಒಪ್ಪಿದ ಮೇಲೂ ಯಾವ ದಿನ ಬೇಕಾದರೂ ಸಾಕೆನ್ನಬಹುದೆಂದರು.

ಒಪ್ಪಿಸಿದವಳು ಮಾತ್ರ ಹೆಂಡತಿಯೇ. "ಅಮರಕೋಶ ಮರತರ ಕಪಾಟಿನ್ಯಾಗ ಪುಸ್ತಕ ಐತಿ, ತಗದು ಓದಬಹುದು. ನೀವ ಹ್ವಾದರ ನಾ ಯಾವ ಪುಸ್ತಕ ತಗದು ನೋಡಲಿರಿ?" ಎಂದಳು. ನಾನು ಸಹಿ ಮಾಡಿದೆನು.

ನಡೆದ ಕ್ರಮವನ್ನು ಬೇಗನೆ ಹೇಳಿಬಿಡುವೆನು. ರಕ್ತಪರೀಕ್ಷೆ ಹಾಗೂ ಹೃದಯದ ಇ.ಸಿ.ಜಿ. ಮೊದಲೇ ಆಗಿದ್ದವು. ಹಿಂದಿನ ರಾತ್ರಿಯಿಂದ ಉಪವಾಸ. ಬೆಳಿಗ್ಗೆ ಕೈಗೆ ಸೂಜಿ, ಮುಖಕ್ಕೆ ಆಮ್ಲಜನಕ, ಆಮೇಲೆ ನಿದ್ರೆ. ಹಲ್ಲುಗಳ ನಡುವೆ ಮೆತ್ತನೆಯ ತಡೆಯನ್ನಿಟ್ಟು ಕೆಲವೇ ಕ್ಷಣ ವಿದ್ಯುತ್ತನ್ನು ಹರಿಸುತ್ತಾರೆ. ಸೆಳವು ಒಂದು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ. ಔಷಧದಿಂದ ಮೈ ಸಡಿಲಾಗಿರುವದರಿಂದ ಹೊರಗೆ ಕಾಣುವದು ಅಲ್ಪ. ಎಚ್ಚರವಾದಾಗ ತಲೆನೋವು, ದವಡೆ ಹಿಡಿದಂತೆ, ಯಾವ ಊರಲ್ಲಿರುವೆನೆಂಬ ಗೊಂದಲ. ಮಧ್ಯಾಹ್ನದ ಹೊತ್ತಿಗೆ ತಿಳಿಯಾಗುತ್ತಿತ್ತು.

ಪ್ರತಿಯೊಂದು ಚಿಕಿತ್ಸೆಯ ಮರುದಿನ ಹೆಂಡತಿಯು ಅಮರಕೋಶವನ್ನು ಕೈಯಲ್ಲಿ ಹಿಡಿದು ನನ್ನ ಪರೀಕ್ಷೆಯನ್ನು ತೆಗೆದುಕೊಳ್ಳುತ್ತಿದ್ದಳು. ಬೆಳಗಿನ ನನ್ನ ಪಾಠಕ್ಕೆ "ಮನ್ಯಾಗ ಮಂದಿ ಮಲಗೂದ ಬ್ಯಾಡೇನ್ರಿ" ಎಂದು ಮೂವತ್ತು ವರ್ಷ ಗೊಣಗಿದವಳು ಆ ದಿನಗಳಲ್ಲಿ ಒಂದು ಅಕ್ಷರ ತಪ್ಪಿದರೂ ಬಿಡಲಿಲ್ಲ. ಫಲವನ್ನು ಶಿಷ್ಯನ ವಹಿಯಲ್ಲಿ ಬರೆದಿಟ್ಟಳು. ಎರಡನೆಯ ಸಲದ ತರುವಾಯ ವನೌಷಧಿವರ್ಗದಲ್ಲಿ ನಾಲ್ಕು ಕಡೆ ತೊಡಕಿದೆನೆಂದು ಅದರಲ್ಲಿದೆ. ಮೂರನೆಯ ಸಲದ ಮರುದಿನದ ಪುಟದಲ್ಲಿ ಶ್ಲೋಕದ ಸುದ್ದಿಯೇ ಇಲ್ಲ: "ತಾವ ಕೇಳಿ ಒಂದೂವರಿ ರೊಟ್ಟಿ ಉಂಡರು" ಎಂದಿಷ್ಟೇ ಬರೆದಿದ್ದಾಳೆ. ಎಂಟಕ್ಕೆ ಚಿಕಿತ್ಸೆಯನ್ನು ನಿಲ್ಲಿಸಿದರು. ನಪಾಸಾದ ಹುಡುಗನ ಪಾಪವು ಯಾವ ದಿನ ತಲೆಯಿಂದ ಇಳಿದುಹೋಯಿತೋ ತಿಳಿಯಲಿಲ್ಲ.

ಎಲ್ಲರಿಗೂ ಹೀಗೆಯೇ ಆಗುವದೆಂದು ನಾನು ಹೇಳಲಾರೆನು. ಅದೇ ವಾರ್ಡಿನಲ್ಲಿ ನನ್ನ ಮಗ್ಗುಲಲ್ಲಿದ್ದ ತರುಣನೊಬ್ಬನಿಗೆ ಹತ್ತಾದರೂ ಹೆಚ್ಚಿನ ಫಲ ಕಾಣಲಿಲ್ಲವೆಂದು ವಹಿಯಲ್ಲಿದೆ. ನನಗೂ ಔಷಧ ತಪ್ಪಿಲ್ಲ. ಲಿಥಿಯಮ್ ನಡೆದಿದೆ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಯೂ ನಡೆದಿದೆ. ತಂಗಿಯು ಎಲ್ಲಮ್ಮನ ಹರಕೆಯನ್ನು ತೀರಿಸಿದಳು. ಬೀಗರಲ್ಲಿ ಒಬ್ಬಿಬ್ಬರು ಇಂದಿಗೂ ನನ್ನ ಸಂಗಡ ಮಾತಾಡುವಾಗ ಮೆಲ್ಲಗೆ, ಕೂಸಿಗೆ ಹೇಳುವಂತೆ ಮಾತಾಡುತ್ತಾರೆ. ತ್ರಿವೇಣಿಯವರ 'ಶರಪಂಜರ'ದ ಕಾವೇರಿಯ ನೋವು ಎಂಥದೆಂಬದು ಅದನ್ನು ಓದಿದಾಗ ನನಗೆ ಇಷ್ಟು ತಿಳಿದಿರಲಿಲ್ಲ. ಇಂಥ ರೋಗವಿದ್ದ ಮನೆಯವರು ನೆರೆಯವರಿಗೆ ಹೇಳಲು ನಾಚಿದರೆ, ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ದೂರವಾಣಿ ೧೪೪೧೬ಕ್ಕೆ ಕನ್ನಡದಲ್ಲಿಯೇ ಕೇಳಬಹುದು.

ಅಮರಕೋಶವು ಉಳಿಯಿತು. ಹೋದದ್ದು ಬೇರೆ. ಸವದತ್ತಿಯಲ್ಲಿ ನನ್ನ ಸಹಪಾಠಿಯೊಬ್ಬರಿದ್ದರು. ಪಾಠಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಕೌಮುದಿಯನ್ನು ಓದಿದವರು. ನಾನು ಧಾರವಾಡಕ್ಕೆ ಹೋಗುವ ಹತ್ತು ದಿನ ಮುಂಚೆ ಅವರು ನಮ್ಮ ಮನೆಗೆ ಬಂದು ಎರಡು ತಾಸು ನನ್ನ ಹತ್ತಿರ ಕೂತಿದ್ದರಂತೆ. ಹೋಗುವಾಗ ನಾನು ಅವರ ಕೈ ಬಿಡಲಿಲ್ಲವಂತೆ. ಆರು ತಿಂಗಳ ಮೇಲೆ ಅವರು ಹೃದಯಾಘಾತದಿಂದ ತೀರಿಕೊಂಡರು. ಆ ಭೇಟಿಯ ಒಂದು ಶಬ್ದವೂ ನನ್ನಲ್ಲಿಲ್ಲ. ಹೆಂಡತಿಯನ್ನು ಕೇಳಿದರೆ "ಏನೋ ಸಂಸ್ಕೃತದಾಗ ಅಂದ್ರಿ, ನನಗ ತಿಳೀಲಿಲ್ಲ" ಎನ್ನುತ್ತಾಳೆ. ವಹಿಯು ಅದಕ್ಕೂ ಮುಂದೆ, ಸಭೆಯ ದಿನ, ಆರಂಭವಾದದ್ದು.

ಮುಂದೆಂದಾದರೂ ತನ್ನ ಬುದ್ಧಿ ಕೆಟ್ಟಾಗ ಯಾವ ಚಿಕಿತ್ಸೆಯನ್ನು ಕೊಡಬೇಕು, ಯಾವದನ್ನು ಕೊಡಬಾರದು, ತನ್ನ ಪರವಾಗಿ ಯಾರು ಮಾತಾಡಬೇಕೆಂಬದನ್ನು ನೆಟ್ಟಗಿರುವಾಗಲೇ ಬರೆದಿಡುವ ಅಧಿಕಾರವನ್ನು ಅದೇ ೨೦೧೭ರ ಕಾಯಿದೆಯು ವಯಸ್ಕರಿಗೆಲ್ಲ ಕೊಟ್ಟಿದೆ. ಕಳೆದ ತಿಂಗಳು ನಾನು ನನ್ನ ಕಾಗದವನ್ನು ಬರೆದೆನು. ಹೆಂಡತಿಯೇ ನನ್ನ ಪ್ರತಿನಿಧಿ. ಎರಡು ಔಷಧಗಳು ವಿಫಲವಾದರೆ ಮೂರನೆಯದಕ್ಕೆ ಕಾಯದೆ ವಿದ್ಯುಚ್ಚಿಕಿತ್ಸೆಯನ್ನು ಕೊಡಬಹುದು, ಸಾಧ್ಯವಿದ್ದರೆ ಮೊದಲು ಬಲಬದಿಗೆ ಮಾತ್ರ, ಎಂದು ಬರೆದಿದ್ದೇನೆ. ಕೆಳಗೆ ಬೇರೆ ಮಸಿಯಲ್ಲಿ ಇನ್ನೊಂದು ಸಾಲನ್ನು ಸೇರಿಸಿದೆನು: ನನ್ನ ನಿದ್ರೆ ಕೆಟ್ಟ ಮೊದಲನೆಯ ದಿನದಿಂದಲೇ ವಹಿಯನ್ನು ತೆರೆಯಬೇಕು, ಮನೆಗೆ ಯಾರು ಬಂದರು, ಏನು ಮಾತಾಡಿದರು ಎಂಬದನ್ನು ದಿನವೂ ಬರೆಯಬೇಕು, ಸಂಸ್ಕೃತದಲ್ಲಿ ಆಡಿದ್ದನ್ನು ತಿಳಿಯದಿದ್ದರೂ ಕಿವಿಗೆ ಬಿದ್ದ ಹಾಗೆ ಬರೆಯಬೇಕು.